ಜಯನಗರದ ಸಭಾಂಗಣವೊಂದರಲ್ಲಿ ಧ್ವನಿ ಮತ್ತು ಚಿತ್ರದ ಕೇಬಲ್‌ಗಳ ದುರಸ್ತಿ: ಕೆಲಸದ ದಾಖಲೆ

ಬೆಂಗಳೂರಿನ ಜಯನಗರದಲ್ಲಿರುವ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭಾಂಗಣ 12 ಮೀಟರ್ ಉದ್ದ, 8 ಮೀಟರ್ ಅಗಲದ್ದು. ವೇದಿಕೆಯ ಬಲಬದಿಗೆ ಉಪನ್ಯಾಸಕರ ಲ್ಯಾಪ್‌ಟಾಪ್ ಇಡುವ ಮೇಜು, ಹಿಂಬದಿಯ ಬಾಗಿಲ ಪಕ್ಕದಲ್ಲಿ ಮಿಕ್ಸರ್ (ಬೇರೆಬೇರೆ ಕಡೆಯ ಧ್ವನಿಗಳನ್ನು ಕೂಡಿಸಿ ಸ್ಪೀಕರುಗಳಿಗೆ ಕಳಿಸುವ ಉಪಕರಣ), ಚಾವಣಿಯಲ್ಲಿ ಪ್ರೊಜೆಕ್ಟರ್. ಗಮಕ ವಾಚನ, ಪುಸ್ತಕ ಬಿಡುಗಡೆ, ವೈದ್ಯರ ಉಪನ್ಯಾಸಗಳೆಲ್ಲ ಇಲ್ಲೇ ನಡೆಯುತ್ತವೆ. ಲ್ಯಾಪ್‌ಟಾಪಿನ ಧ್ವನಿಯನ್ನು ಮಿಕ್ಸರಿಗೆ ತರಲು ಎರಡು ದಾರಿಗಳಿದ್ದವು. ಒಂದು, ಗೋಡೆಯೊಳಗಿನ ಮೈಕ್ ಲೈನಿಗೆ ಸೇರುವ ಗಿಡ್ಡ ಕಪ್ಪು ಕೇಬಲ್; ಇನ್ನೊಂದು, ಗೋಡೆಯಂಚಿನಲ್ಲಿ ಹಾಸಿಕೊಂಡು ನೇರವಾಗಿ ಮಿಕ್ಸರಿನವರೆಗೆ ಹೋಗುವ 18 ಮೀಟರ್ ಉದ್ದದ ಬೂದು ಬಣ್ಣದ ಕೇಬಲ್. ಕಪ್ಪು ಕೇಬಲ್ ಹಾಕಿದರೆ ವಿಡಿಯೊದ ಹಿನ್ನೆಲೆ ಸಂಗೀತ ಕೇಳಿಸುತ್ತಿತ್ತು, ಮಾತು ಮಾತ್ರ ಬಹುಮಟ್ಟಿಗೆ ಮಾಯವಾಗುತ್ತಿತ್ತು. ಬೂದು ಕೇಬಲ್ ಹಾಕಿದರೆ ಮಾತು ಸ್ಪಷ್ಟವಾಗಿರುತ್ತಿತ್ತು, ಆದರೆ ಅದರ ಜೊತೆಗೆ ನಿಲ್ಲದ ಗುಂಯ್‌ಗುಟ್ಟುವಿಕೆ ಬರುತ್ತಿತ್ತು. ಇವೆರಡೂ ಸಾಲದೆಂಬಂತೆ ಪ್ರೊಜೆಕ್ಟರಿನ ಚಿತ್ರ ಆಗಾಗ ಕಪ್ಪಾಗಿ, ಸಿಗ್ನಲ್ ಇಲ್ಲವೆಂಬ ಸೂಚನೆ ತೋರಿಸಿ, ಮರಳಿ ಬರುತ್ತಿತ್ತು.

ಮಿಕ್ಸರ್ ಮತ್ತು ಪ್ರೊಜೆಕ್ಟರ್ ಎರಡನ್ನೂ ಬದಲಾಯಿಸಬೇಕೆಂಬ ಪ್ರಸ್ತಾಪ ಸಂಘದ ಸಭೆಗೆ ಬಂದಾಗ, ಅದಕ್ಕೆ ಮುಂಚೆ ಕೇಬಲ್‌ಗಳನ್ನು ಒಮ್ಮೆ ಬಿಚ್ಚಿ ನೋಡಲು ಕಾರ್ಯದರ್ಶಿಯವರ ಒಪ್ಪಿಗೆ ಪಡೆದೆ. ಕೆಲಸ ಮುಗಿದ ಮೇಲೆ ಹೇಳುವುದಾದರೆ, ಎರಡೂ ಉಪಕರಣಗಳು ಸುಸ್ಥಿತಿಯಲ್ಲಿದ್ದವು. ಪ್ಲಗ್ಗು ಸಾಕೆಟ್ಟಿನಲ್ಲಿ ಸಲೀಸಾಗಿ ಕೂತಿತೆಂದರೆ ಸಿಗ್ನಲ್ ಕೂಡ ಸರಿಯಾಗಿ ಕೂಡಿತೆಂದು ಯಾರೋ ಯಾವಾಗಲೋ ಎಣಿಸಿದ್ದೇ ದೋಷಗಳಿಗೆಲ್ಲ ಮೂಲವಾಗಿತ್ತು.

ಬಳಸಿದ ಸಲಕರಣೆಗಳು ಹೆಚ್ಚೇನಿಲ್ಲ: 25 ವಾಟ್ ಸಾಲ್ಡರಿಂಗ್ ಐರನ್, 63/37 (ತವರ ಮತ್ತು ಸೀಸದ ಪ್ರಮಾಣ) ಸಾಲ್ಡರ್, ಮಿಲಿವೋಲ್ಟ್ ಮಟ್ಟದ ಎಸಿಯನ್ನು ಅಳೆಯಬಲ್ಲ ಮಲ್ಟಿಮೀಟರ್, ಬಿಸಿಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ತೋಳುಗಳು, ಮತ್ತು ಬೇಕಾದ ಕಂಪನಾಂಕದ ಧ್ವನಿ ಹೊರಡಿಸುವ ಒಂದು ಫೋನ್ ಆಪ್.

1. ಬಿಚ್ಚುವುದಕ್ಕೆ ಮುಂಚಿನ ಅಳತೆಗಳು

ಮೊದಲು ನೋಡಿದ್ದು ವಿದ್ಯುತ್ ಪ್ಲಗ್ಗುಗಳನ್ನು. ಮಿಕ್ಸರಿನ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಗೋಡೆಯ ಸಾಕೆಟ್ಟಿಗೆ ಹಾಕಲಾಗಿತ್ತು. ಮಿಕ್ಸರಿನ ಲೋಹದ ಮೈಯಿಂದ ಸಾಕೆಟ್ಟಿನ ಅರ್ತ್ ರಂಧ್ರದವರೆಗೆ ಮಲ್ಟಿಮೀಟರ್ ಹಿಡಿದರೆ ಯಾವ ಸಂಪರ್ಕವೂ ಇರಲಿಲ್ಲ. ಗುಂಯ್‌ಗುಟ್ಟುವಿಕೆಯನ್ನು ತಗ್ಗಿಸಲು ಅರ್ತಿಂಗ್ ತಪ್ಪಿಸುವುದು ಸೌಂಡ್ ಸಿಸ್ಟಂ ಕೆಲಸದಲ್ಲಿ ಹಳೆಯ ಉಪಾಯ, ಮತ್ತು ಅಪಾಯಕಾರಿ ಉಪಾಯ. ಮಿಕ್ಸರಿನೊಳಗೆ ಇನ್ಸುಲೇಷನ್ ಕೆಟ್ಟು ಮೈಗೆ 230 ವೋಲ್ಟ್ ಬಂದರೆ, ಆ ಕರೆಂಟಿಗೆ ನೆಲ ಸೇರಲು ಉಳಿಯುವ ದಾರಿ ಮೈಕ್ ಕೇಬಲ್ಲಿನ ಶೀಲ್ಡ್ (ಒಳತಂತಿಗಳನ್ನು ಸುತ್ತುವರಿದ ಲೋಹದ ಹೊದಿಕೆ) ಮತ್ತು ಮೈಕ್ ಹಿಡಿದವರ ಕೈ. ಅಡಾಪ್ಟರನ್ನು ಎಸೆದು, ಮೂರು ಪಿನ್ನಿನ ಪ್ಲಗ್ಗನ್ನು ನೇರವಾಗಿ ಸಾಕೆಟ್ಟಿಗೆ ಹಾಕಿದೆ. ಬೂದು ಕೇಬಲ್ಲಿನ ಸದ್ದು ಇನ್ನಷ್ಟು ಹೆಚ್ಚಿತು. ಅದು ನಿರೀಕ್ಷಿತವೇ ಆಗಿತ್ತು.

ಬಳಿಕ ವೇದಿಕೆಯ ಸಾಕೆಟ್ಟಿನ ಅರ್ತ್‌ಗೂ ಮಿಕ್ಸರಿನ ಸಾಕೆಟ್ಟಿನ ಅರ್ತ್‌ಗೂ ನಡುವಿನ ಎಸಿ ವೋಲ್ಟೇಜನ್ನು ಅಳೆದೆ. ಫ್ಯಾನ್ ಮತ್ತು ದೀಪಗಳೆಲ್ಲ ಉರಿಯುತ್ತಿರುವಾಗ ಸುಮಾರು 40 ಮಿಲಿವೋಲ್ಟ್ ಬಂತು. ಇದು ಅಲ್ಪವೆಂದು ತೋರಬಹುದು, ಆದರೆ ಮನೆಬಳಕೆಯ ಆಡಿಯೊ ಉಪಕರಣಗಳ ಲೈನ್ ಮಟ್ಟವೇ, ಅಂದರೆ ಅವು ಕೇಬಲ್ಲಿನಲ್ಲಿ ಕಳಿಸುವ ಸಿಗ್ನಲ್ಲಿನ ವೋಲ್ಟೇಜೇ, ಸುಮಾರು 0.316 ವೋಲ್ಟ್. ಅಂದರೆ ಸಿಗ್ನಲ್ಲಿನ ಎಂಟನೆಯ ಒಂದು ಭಾಗದಷ್ಟು, ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಸದ್ದು ಅದರೊಳಗೆ ಬೆರೆಯಲು ಸಿದ್ಧವಾಗಿ ನಿಂತಿತ್ತು.

ಬೂದು ಕೇಬಲ್ಲನ್ನು ಹಾಕಿಟ್ಟು, ಉಳಿದ ತಂತಿಗಳನ್ನು ಒಂದೊಂದಾಗಿ ತೆಗೆದು ಹಾಕುತ್ತ ಹೋದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿದ್ದು, ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಬಿಚ್ಚಿದ್ದರೆ ಪೂರ್ಣ ಮೌನ. ಎಚ್‌ಡಿಎಂಐ ಸೇರಿಸಿದ ತಕ್ಷಣ ಗುಂಯ್ ಎನ್ನುತ್ತಿತ್ತು. ಅದನ್ನು ತೆಗೆದು ಮೂರು ಪಿನ್ನಿನ ಚಾರ್ಜರ್ ಹಾಕಿದರೂ ಅದೇ ಸದ್ದು. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಸದ್ದಿನ ಗುಣ ಬದಲಾಗಿ ಜೀರುಂಡೆಯಂತಾಯಿತು. ಆಗ ಲ್ಯಾಪ್‌ಟಾಪಿನ ಆಡಿಯೊ ಪ್ಲಗ್ಗನ್ನು ಬಿಚ್ಚಿ ಲ್ಯಾಪ್‌ಟಾಪಿನ ಲೋಹದ ಮೈಗೂ ಅರ್ತ್‌ಗೂ ನಡುವೆ ಅಳೆದರೆ ಮೀಟರ್ 90 ವೋಲ್ಟ್ ತೋರಿಸಿತು. ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರ್ ಮೂಲಕ ಸೋರಿ ಬರುವ ಈ ಕರೆಂಟ್ ತೀರಾ ಅಲ್ಪವಾದ್ದರಿಂದ ಶಾಕ್ ಹೊಡೆಯುವುದಿಲ್ಲ, ಬೆರಳಿಗೆ ಜುಮ್ಮೆನ್ನಿಸುತ್ತದೆ ಅಷ್ಟೆ.

ಹೀಗಾಗಿ ದಾರಿ ಸ್ಪಷ್ಟವಾಯಿತು. ಮಿಕ್ಸರಿನ ಅರ್ತ್‌ನಿಂದ ಆಡಿಯೊ ಕೇಬಲ್ಲಿನ ಶೀಲ್ಡ್ ಹಿಡಿದು ಲ್ಯಾಪ್‌ಟಾಪಿಗೆ, ಅಲ್ಲಿಂದ ಎಚ್‌ಡಿಎಂಐ ಶೀಲ್ಡ್ ಹಿಡಿದು ಪ್ರೊಜೆಕ್ಟರಿನ ಅರ್ತ್‌ಗೆ, ಅಲ್ಲಿಂದ ಕಟ್ಟಡದ ವೈರಿಂಗ್ ಮೂಲಕ ಮತ್ತೆ ಮಿಕ್ಸರಿಗೆ ಒಂದು ಅರ್ತ್ ಸುತ್ತು ಪೂರ್ಣಗೊಳ್ಳುತ್ತಿತ್ತು. ಅದರಲ್ಲಿ ಹರಿಯುವ 50 ಹರ್ಟ್ಸ್ ಕರೆಂಟೇ ಗುಂಯ್ ಎನ್ನುತ್ತಿತ್ತು.

2. ಕಪ್ಪು ಕೇಬಲ್

ಒಂದು ತುದಿಯಲ್ಲಿ 3.5 ಮಿಲಿಮೀಟರ್ ಸ್ಟೀರಿಯೊ ಪ್ಲಗ್, ಇನ್ನೊಂದು ತುದಿಯಲ್ಲಿ ಎಕ್ಸ್‌ಎಲ್‌ಆರ್, ಅಂದರೆ ಮೈಕ್‌ಗಳಿಗೆ ಬಳಸುವ ಮೂರು ಪಿನ್ನಿನ ಕನೆಕ್ಟರ್. ಬೆಸುಗೆ ಅಚ್ಚುಕಟ್ಟಾಗಿತ್ತು. ಪ್ಲಗ್ಗಿನ ತುದಿ ಎಕ್ಸ್‌ಎಲ್‌ಆರ್‌ನ 2ನೇ ಪಿನ್ನಿಗೆ, ನಡುವಿನ ಉಂಗುರ 3ನೇ ಪಿನ್ನಿಗೆ, ಬುಡ 1ನೇ ಪಿನ್ನಿಗೆ ಸೇರಿದ್ದವು. ಇದು ಬ್ಯಾಲೆನ್ಸ್ಡ್ (ಒಂದೇ ಸಿಗ್ನಲನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಒಯ್ಯುವ) ಮೈಕ್ ಕೇಬಲ್ಲಿನ ನಿಯಮ, ಮತ್ತು ಆ ನಿಯಮದ ಪ್ರಕಾರ ಒಂದು ಚೂರೂ ತಪ್ಪಿಲ್ಲ. ಆದರೆ ಲ್ಯಾಪ್‌ಟಾಪಿನ ಜಾಕ್ ಬ್ಯಾಲೆನ್ಸ್ಡ್ ಅಲ್ಲ. ಅಲ್ಲಿ ತುದಿಯಲ್ಲಿರುವುದು ಎಡ ಚಾನೆಲ್, ಉಂಗುರದಲ್ಲಿರುವುದು ಬಲ ಚಾನೆಲ್. ಮಿಕ್ಸರಿನ ಮೈಕ್ ಇನ್‌ಪುಟ್ 2ನೇ ಪಿನ್ನಿನಿಂದ 3ನೇ ಪಿನ್ನನ್ನು ಕಳೆದು ಉಳಿದದ್ದನ್ನಷ್ಟೇ ವರ್ಧಿಸುತ್ತದೆ. ವಿಡಿಯೊದಲ್ಲಿ ಮಾತು ಸಾಮಾನ್ಯವಾಗಿ ಎರಡೂ ಚಾನೆಲ್‌ಗಳಲ್ಲಿ ಸಮಾನವಾಗಿರುವುದರಿಂದ ಕಳೆದರೆ ಸೊನ್ನೆ. ಎಡಬಲಗಳಲ್ಲಿ ಬೇರೆಬೇರೆಯಾಗಿರುವ ವಾದ್ಯಗಳು ಮಾತ್ರ ಉಳಿಯುತ್ತವೆ. ಫೋನಿನಿಂದ 1,000 ಹರ್ಟ್ಸ್ ಧ್ವನಿಯನ್ನು ಎರಡೂ ಚಾನೆಲ್‌ಗಳಿಗೆ ಕಳಿಸಿದಾಗ ಮಿಕ್ಸರಿನ ಮಟ್ಟದ ದೀಪಗಳು ಏಳಲಿಲ್ಲ. ಎಡಕ್ಕೆ ಮಾತ್ರ ಕಳಿಸಿದಾಗ ಪೂರ್ತಿ ಎದ್ದವು. ಹಿಂದೊಮ್ಮೆ ಯಾರೋ ಸಲಹೆ ಕೊಟ್ಟರೆಂದು ಉಪನ್ಯಾಸಕರೊಬ್ಬರು ಲ್ಯಾಪ್‌ಟಾಪಿನ ಧ್ವನಿಯನ್ನು ಮೋನೊಗೆ, ಅಂದರೆ ಎಡಬಲ ಎರಡರಲ್ಲೂ ಒಂದೇ ಧ್ವನಿ ಬರುವಂತೆ, ಬದಲಾಯಿಸಿದಾಗ ಇದ್ದಬದ್ದ ಸಂಗೀತವೂ ನಿಂತುಹೋಗಿದ್ದು ಏಕೆಂಬುದು ಈಗ ಅರ್ಥವಾಯಿತು.

ಈ ಕೇಬಲ್ಲಿನಲ್ಲಿ ಗುಂಯ್‌ಗುಟ್ಟುವಿಕೆ ಇಲ್ಲದಿದ್ದುದಕ್ಕೂ ಕಾರಣ ಅದೇ ಕಳೆಯುವ ಕ್ರಿಯೆ. ಅರ್ತ್‌ಗಳ ನಡುವಿನ 40 ಮಿಲಿವೋಲ್ಟ್ ಎರಡೂ ಪಿನ್ನುಗಳ ಮೇಲೆ ಸಮನಾಗಿ ಕುಳಿತಿರುತ್ತದೆ, ಹಾಗಾಗಿ ಮಾತಿನ ಜೊತೆಗೇ ಅದೂ ಅಳಿಸಿಹೋಗುತ್ತದೆ.

3. ಬೂದು ಕೇಬಲ್

ಇದು ಒಂದೇ ಒಳತಂತಿ ಮತ್ತು ಶೀಲ್ಡ್ ಇರುವ ಕೇಬಲ್. ಮಿಕ್ಸರಿನ ತುದಿಯಲ್ಲಿ 6.35 ಮಿಲಿಮೀಟರ್ ಮೋನೊ ಪ್ಲಗ್. ಲ್ಯಾಪ್‌ಟಾಪ್ ತುದಿಯ ಪ್ಲಗ್ಗಿನೊಳಗೆ ಎಡಬಲ ಎರಡನ್ನೂ ನೇರವಾಗಿ ಒಟ್ಟು ಮಾಡಿ ಬೆಸೆಯಲಾಗಿತ್ತು. ಹೀಗೆ ಮಾಡಿದರೆ, ಎಡಬಲಗಳಲ್ಲಿ ಬೇರೆಬೇರೆ ಧ್ವನಿ ಇದ್ದಾಗ ಲ್ಯಾಪ್‌ಟಾಪಿನ ಎರಡು ಔಟ್‌ಪುಟ್‌ಗಳು ಒಂದನ್ನೊಂದು ತಳ್ಳಾಡುತ್ತವೆ, ಧ್ವನಿ ಒಡೆಯಬಹುದು. ಶೀಲ್ಡಿನ ಎಳೆಯನ್ನು ಚಾಕುವಿನಿಂದ ಕೆರೆದಾಗ ತಾಮ್ರದ ಬಣ್ಣದಡಿ ಬೆಳ್ಳಗಿನ ಅಲ್ಯುಮಿನಿಯಂ ಕಂಡಿತು. ತುದಿಯಿಂದ ತುದಿಗೆ ಶೀಲ್ಡಿನ ರೋಧ 1.4 ಓಂ. ಇಲ್ಲಿ ಶೀಲ್ಡೇ ಸಿಗ್ನಲ್ ಮರಳುವ ದಾರಿಯೂ ಆಗಿರುವುದರಿಂದ, ಅರ್ತ್‌ಗಳ ನಡುವಿನ ವೋಲ್ಟೇಜ್ ನೇರವಾಗಿ ಧ್ವನಿಗೆ ಕೂಡಿಕೊಳ್ಳುತ್ತದೆ.

ತಾಮ್ರದ ಶೀಲ್ಡ್ ಇರುವ ಹೊಸ ಕೇಬಲ್ ಹಾಕಿದರೆ ಹೇಗೆಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ 18 ಮೀಟರ್ ಕೇಬಲ್ಲನ್ನು ಮೀಟರಿಗೆ 30 ರೂಪಾಯಿಯಂತೆ ತಂದೆ. ಅಂಗಡಿಯಲ್ಲಿಯೇ ತುದಿ ಕೆರೆದು ತೋರಿಸಲು ಕೇಳಿದಾಗ ಅಂಗಡಿಯವರು ಸಂತೋಷದಿಂದಲೇ ತೋರಿಸಿದರು. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಮೌನವಾಗಿ ಕುಳಿತು ಉಪನ್ಯಾಸ ಕೇಳುವವರ ಸಭಾಂಗಣದಲ್ಲಿ ಕಡಿಮೆಯಾದ ಗುಂಯ್ ಕೂಡ ಗುಂಯ್ ಆಗಿಯೇ ಕೇಳಿಸುತ್ತದೆ. ಆ ಹಣ ವ್ಯರ್ಥವಾಯಿತೆಂದೇ ಬರೆದಿಟ್ಟುಕೊಂಡೆ.

4. ರೆಸಿಸ್ಟರ್ ಇಟ್ಟು ಮಾಡಿದ ಕೇಬಲ್

ಕಪ್ಪು ಕೇಬಲ್ಲಿನ ಮೌನ ಮತ್ತು ಬೂದು ಕೇಬಲ್ಲಿನ ಮಾತು ಎರಡೂ ಒಂದೇ ಕಡೆ ಸಿಗಬೇಕೆಂದರೆ, ಗೋಡೆಯೊಳಗಿನ ಬ್ಯಾಲೆನ್ಸ್ಡ್ ಲೈನನ್ನೇ ಬಳಸಬೇಕು, ಆದರೆ 3ನೇ ಪಿನ್ನಿಗೆ ಬಲ ಚಾನೆಲ್ ಬದಲು ಲ್ಯಾಪ್‌ಟಾಪಿನ ಗ್ರೌಂಡನ್ನು (ಪ್ಲಗ್ಗಿನ ಬುಡದ ಸಂಪರ್ಕವನ್ನು) ಕೊಡಬೇಕು. ಎರಡು ಒಳತಂತಿಗಳ ಶೀಲ್ಡೆಡ್ ಕೇಬಲ್ಲಿನಲ್ಲಿ ಒಂದು ಲೀಡ್ ಮಾಡಿದೆ. ಎಡ ಚಾನೆಲ್ಲಿಗೆ 470 ಓಂ, ಬಲ ಚಾನೆಲ್ಲಿಗೆ 470 ಓಂ ರೆಸಿಸ್ಟರ್ ಹಾಕಿ, ಅವುಗಳ ಇನ್ನೊಂದು ತುದಿಗಳನ್ನು ಕೂಡಿಸಿ 2ನೇ ಪಿನ್ನಿಗೆ ಬೆಸೆದೆ. ಲ್ಯಾಪ್‌ಟಾಪಿನ ಗ್ರೌಂಡನ್ನು 220 ಓಂ ಮೂಲಕ 3ನೇ ಪಿನ್ನಿಗೆ ಕೊಟ್ಟೆ. ಎರಡು 470 ಓಂ ಸಮಾಂತರವಾಗಿ ಸೇರಿದಾಗ 235 ಓಂ ಆಗುತ್ತದೆ. ಎರಡೂ ಪಿನ್ನುಗಳ ಕಡೆ ರೋಧ ಹೆಚ್ಚುಕಡಿಮೆ ಸಮವಾಗಿದ್ದರೆ ಮಾತ್ರ ಕಳೆಯುವ ಕ್ರಿಯೆ ಚೆನ್ನಾಗಿ ನಡೆಯುತ್ತದೆ, ಅದಕ್ಕಾಗಿ 220 ಓಂ. ಶೀಲ್ಡನ್ನು 1ನೇ ಪಿನ್ನಿಗೆ ಮಾತ್ರ ಬೆಸೆದು, ಲ್ಯಾಪ್‌ಟಾಪಿನ ಕಡೆ ಬಿಟ್ಟುಬಿಟ್ಟೆ. ಕಾಲು ವಾಟಿನ ರೆಸಿಸ್ಟರ್‌ಗಳಾದ್ದರಿಂದ ಮೂರೂ ಎಕ್ಸ್‌ಎಲ್‌ಆರ್ ಚಿಪ್ಪಿನೊಳಗೇ ಹಿಡಿಸಿದವು. ಬೆಸೆಯುವಾಗ ಎಕ್ಸ್‌ಎಲ್‌ಆರ್ ಪ್ಲಗ್ಗನ್ನು ಅದರ ಜೋಡಿ ಸಾಕೆಟ್ಟಿಗೆ ಸಿಕ್ಕಿಸಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಶಾಖಕ್ಕೆ ಪ್ಲಾಸ್ಟಿಕ್ ಮೆದುವಾಗಿ ಪಿನ್ನುಗಳು ವಾಲುತ್ತವೆ.

ಫಲಿತಾಂಶ ಚೆನ್ನಾಗಿತ್ತು. ಮಾತು ಬಂತು, ಎಚ್‌ಡಿಎಂಐ ಮತ್ತು ಮೂರು ಪಿನ್ನಿನ ಚಾರ್ಜರ್ ಎರಡೂ ಇದ್ದಾಗಲೂ ಗುಂಯ್‌ಗುಟ್ಟುವಿಕೆ ಕೇಳಿಸಲಿಲ್ಲ. ಎರಡು ಪಿನ್ನಿನ ಚಾರ್ಜರ್ ಒಂದೇ ಇದ್ದಾಗ ಮಾತ್ರ ಸಣ್ಣ ಜುಯ್ ಸದ್ದು ಉಳಿಯಿತು. ಮೂವತ್ತು ರೂಪಾಯಿಯ ರೆಸಿಸ್ಟರ್ ಮತ್ತು ತೋಳುಗಳಿಂದ ಇಷ್ಟಾಗುವುದಾದರೆ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದಿರಲು ಕಾರಣ ಫ್ಯಾಂಟಮ್ ವಿದ್ಯುತ್, ಅಂದರೆ ಮೈಕ್ ಕೇಬಲ್ಲಿನಲ್ಲೇ ಮಿಕ್ಸರ್ ಮೈಕಿಗೆ ಕಳಿಸುವ ವಿದ್ಯುತ್. ಮೇಜಿನ ಮೇಲಿನ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬೇಕು, ಮತ್ತು ಈ ಮಿಕ್ಸರಿನಲ್ಲಿ ಎಲ್ಲ ಮೈಕ್ ಚಾನೆಲ್‌ಗಳಿಗೂ ಒಂದೇ ಸ್ವಿಚ್. ಅದನ್ನು ಒತ್ತಿದರೆ 6.8 ಕಿಲೋಓಂ ರೆಸಿಸ್ಟರ್‌ಗಳ ಮೂಲಕ ಆ ವೋಲ್ಟೇಜ್ ಅತಿಥಿಗಳ ಲ್ಯಾಪ್‌ಟಾಪಿನ ಜಾಕ್‌ವರೆಗೂ ತಲುಪುತ್ತದೆ. ಪರರ ಲ್ಯಾಪ್‌ಟಾಪಿನ ಮೇಲೆ ಅಂಥ ಪರೀಕ್ಷೆ ನಡೆಸುವ ಹಕ್ಕು ನಮಗಿಲ್ಲ.

5. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ

ಟ್ರಾನ್ಸ್‌ಫಾರ್ಮರ್ ಇಟ್ಟರೆ ಸಿಗ್ನಲ್ ಒಂದು ಸುರುಳಿಯಿಂದ ಇನ್ನೊಂದಕ್ಕೆ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಎರಡು ಕಡೆಗಳ ನಡುವೆ ತಂತಿಯ ಸಂಪರ್ಕವೇ ಇರುವುದಿಲ್ಲ. ಅರ್ತ್ ಸುತ್ತು ತುಂಡಾಗುತ್ತದೆ. 48 ವೋಲ್ಟ್ ಸುರುಳಿಯ ಎರಡೂ ತುದಿಗಳಿಗೆ ಸಮನಾಗಿ ಬರುವುದರಿಂದ ಸುರುಳಿಯಲ್ಲಿ ಡಿಸಿ ಹರಿಯುವುದಿಲ್ಲ, ಆಚೆಗೆ ದಾಟುವುದೂ ಇಲ್ಲ.

ಮೊದಲು ಕಾರ್ ಸ್ಟೀರಿಯೊಗೆಂದು ಮಾರುವ, ಎರಡೂ ಕಡೆ ಆರ್‌ಸಿಎ ಕನೆಕ್ಟರ್ ಇರುವ 350 ರೂಪಾಯಿಯ ಚಿಕ್ಕ ಐಸೊಲೇಟರನ್ನು ತಂದು ಹಾಕಿದೆ. ಸದ್ದು ಸಂಪೂರ್ಣವಾಗಿ ನಿಂತಿತು, ಮಾತು ಸೊಗಸಾಗಿತ್ತು. ಆದರೆ ಮೃದಂಗದ ತನಿಯಾವರ್ತನವೊಂದನ್ನು ನುಡಿಸಿ ನೋಡಿದಾಗ ಎಡಗೈಯ ತೊಪ್ಪಿಯ ಗುಮುಕಿ ಸತ್ವ ಕಳೆದುಕೊಂಡಿತ್ತು. ಫೋನಿನಿಂದ 100 ಹರ್ಟ್ಸ್ ಕಳಿಸಿದರೆ ಪರವಾಗಿಲ್ಲ, 50 ಹರ್ಟ್ಸ್ ಕಳಿಸಿ ಮಟ್ಟ ಏರಿಸಿದರೆ ಧ್ವನಿ ಒರಟಾಗಿ ಒಡೆಯುತ್ತಿತ್ತು. ಅದರೊಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ತೀರಾ ಚಿಕ್ಕದು. ತಗ್ಗು ಕಂಪನಾಂಕಗಳಲ್ಲಿ ಅದು ಕಾಂತಶಕ್ತಿಯಿಂದ ಬೇಗ ತುಂಬಿಹೋಗುತ್ತದೆ. ಉಪನ್ಯಾಸಕ್ಕೆ ಮಾತ್ರ ಬಳಸುವ ಸಭಾಂಗಣವಾದರೆ ಇದೇ ಸಾಕೆಂದು ನಾನು ಹೇಳುತ್ತೇನೆ. ನಮ್ಮಲ್ಲಿ ಭರತನಾಟ್ಯದ ಮಕ್ಕಳು ರೆಕಾರ್ಡ್ ಮಾಡಿದ ಸಂಗೀತಕ್ಕೆ ಕುಣಿಯುವುದುಂಟು.

ಆದ್ದರಿಂದ ದೊಡ್ಡ ತಿರುಳಿನ, 600 ಓಂಗೆ 600 ಓಂ ಅನುಪಾತದ ಆಡಿಯೊ ಟ್ರಾನ್ಸ್‌ಫಾರ್ಮರನ್ನು 900 ರೂಪಾಯಿಗೆ ತಂದು, ಅಲ್ಯುಮಿನಿಯಂ ಪೆಟ್ಟಿಗೆಯೊಂದರಲ್ಲಿ ಕೂರಿಸಿದೆ. ಒಂದು ಬದಿಗೆ 3.5 ಮಿಲಿಮೀಟರ್ ಸಾಕೆಟ್, ಅಲ್ಲಿಂದ ಎರಡು 470 ಓಂ ರೆಸಿಸ್ಟರ್, ಅವುಗಳ ಕೂಡುವಿಕೆ ಮತ್ತು ಲ್ಯಾಪ್‌ಟಾಪ್ ಗ್ರೌಂಡ್ ನಡುವೆ ಮೊದಲ ಸುರುಳಿ. ಇನ್ನೊಂದು ಬದಿಗೆ ಎರಡನೆಯ ಸುರುಳಿಯಿಂದ ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್. 1ನೇ ಪಿನ್ ಪೆಟ್ಟಿಗೆಯ ಮೈಗೆ.

ಎಲ್ಲ ಮುಚ್ಚಿ ಸ್ಕ್ರೂ ಬಿಗಿದು ಹಾಕಿದರೆ ಗುಂಯ್ ಎಂಬ ಸದ್ದು ಮೊದಲಿನಂತೆಯೇ ಬಂತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯೇ ಎಂದು ಸುರುಳಿಗಳನ್ನು ಅಳೆದರೆ ಎರಡೂ ಸರಿಯಾಗಿದ್ದವು. ಕೊನೆಗೆ ಸಾಕೆಟ್ಟಿನ ಗ್ರೌಂಡಿನಿಂದ ಎಕ್ಸ್‌ಎಲ್‌ಆರ್‌ನ 1ನೇ ಪಿನ್ನಿಗೆ ಅಳೆದಾಗ 0.3 ಓಂ ತೋರಿಸಿತು. ಅಲ್ಲಿ ಸಂಪರ್ಕವೇ ಇರಬಾರದಿತ್ತು. 3.5 ಮಿಲಿಮೀಟರ್ ಸಾಕೆಟ್ಟಿನ ಲೋಹದ ಕುತ್ತಿಗೆಯೇ ಅದರ ಗ್ರೌಂಡ್ ಕೂಡ ಆಗಿದ್ದು, ನಟ್ ಬಿಗಿದಾಗ ಪೆಟ್ಟಿಗೆಯ ಮೈಗೆ ತಾಗಿ, ಟ್ರಾನ್ಸ್‌ಫಾರ್ಮರ್ ತುಂಡರಿಸಿದ ದಾರಿಯನ್ನು ಮತ್ತೆ ಕೂಡಿಸಿತ್ತು. ಪ್ಲಾಸ್ಟಿಕ್ ಕುತ್ತಿಗೆಯ ಸಾಕೆಟ್ ಹಾಕಿದ ಮೇಲೆ ಮೀಟರ್ ತೆರೆದ ಸರ್ಕ್ಯೂಟನ್ನು ತೋರಿಸಿತು, ಸ್ಪೀಕರುಗಳು ಸುಮ್ಮನಾದವು. ಎರಡು ಪಿನ್ನಿನ ಚಾರ್ಜರಿನ ಜುಯ್ ಸದ್ದೂ ಹೋಯಿತು. ಇಂಥ ಪೆಟ್ಟಿಗೆ ಮಾಡುವವರು ಮುಚ್ಚಳ ಹಾಕುವ ಮೊದಲು ಈ ಒಂದು ಅಳತೆಯನ್ನು ತಪ್ಪದೆ ತೆಗೆದುಕೊಳ್ಳಬೇಕು.

ಲ್ಯಾಪ್‌ಟಾಪಿನ ಲೈನ್ ಮಟ್ಟ ಮೈಕ್ ಇನ್‌ಪುಟ್ಟಿಗೆ ಜಾಸ್ತಿಯಾದ್ದರಿಂದ ಆ ಚಾನೆಲ್ಲಿನ ಗೇನ್ (ವರ್ಧನೆಯ) ಗುಂಡಿಯನ್ನು ಕನಿಷ್ಠದಲ್ಲಿಟ್ಟು ಗುರುತು ಹಾಕಿದ್ದೇನೆ.

6. ಎಚ್‌ಡಿಎಂಐ

ಮೇಜಿನಿಂದ ಪ್ರೊಜೆಕ್ಟರಿಗೆ ಹೋಗುವ ಕೇಬಲ್ 15 ಮೀಟರ್ ಉದ್ದದ್ದು, ಮೈಮೇಲೆ 30 ಗೇಜ್ ಎಂದು ಅಚ್ಚಾಗಿತ್ತು (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು). ಲ್ಯಾಪ್‌ಟಾಪಿನಲ್ಲಿ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದಾಗ ಚಿತ್ರ ಒಮ್ಮೆಯೂ ಹೋಗಲಿಲ್ಲ. ಸೆಕೆಂಡಿಗೆ 60 ಚಿತ್ರಗಳಂತೆ ಮೊದಲನೆಯದಕ್ಕೆ 148.5 ಮೆಗಾಹರ್ಟ್ಸ್ ಪಿಕ್ಸೆಲ್ ಗಡಿಯಾರ (ಚಿತ್ರದ ಚುಕ್ಕೆಗಳನ್ನು ಕಳಿಸುವ ವೇಗ) ಬೇಕು, ಎರಡನೆಯದಕ್ಕೆ ಅದರ ಅರ್ಧ ಸಾಕು. ಅರ್ಧ ವೇಗದಲ್ಲಿ ಸ್ಥಿರವಾಗಿ, ಪೂರ್ಣ ವೇಗದಲ್ಲಿ ತಡವರಿಸುತ್ತದೆಂದರೆ ದೋಷ ಪ್ರೊಜೆಕ್ಟರಿನದಲ್ಲ. ತೆಳು ತಂತಿ ಅಷ್ಟು ದೂರಕ್ಕೆ ಸಿಗ್ನಲನ್ನು ಒಯ್ಯಲಾರದೆ ಸೋಲುತ್ತಿದೆ.

ಸ್ನೇಹಿತರಿಂದ ಸಿಗ್ನಲನ್ನು ಬಲಪಡಿಸುವ ರಿಪೀಟರೊಂದನ್ನು ಎರವಲು ತಂದು ಪ್ರೊಜೆಕ್ಟರಿನ ಬದಿಗೆ ಇಟ್ಟೆ, ಏನೂ ಪ್ರಯೋಜನವಾಗಲಿಲ್ಲ. ಆಗಲೇ ಕೆಟ್ಟುಬಂದ ಸಿಗ್ನಲ್ಲಿಗೆ ಅದು ಮಾಡುವುದೇನೂ ಇಲ್ಲ. ನಡುದಾರಿಯಲ್ಲಿ ಇಡಬೇಕೆಂದರೆ ಚಾವಣಿಯ ಹತ್ತಿರ ಇನ್ನೊಂದು ವಿದ್ಯುತ್ ಸಾಕೆಟ್ ಬೇಕಿತ್ತು.

ಕೊನೆಗೆ ಆಪ್ಟಿಕಲ್ ಎಳೆಗಳಿರುವ 15 ಮೀಟರ್ ಎಚ್‌ಡಿಎಂಐ ಕೇಬಲ್ಲನ್ನು 3,200 ರೂಪಾಯಿಗೆ ಕೊಂಡೆವು. ಇದಕ್ಕೆ ದಿಕ್ಕಿದೆ: ಒಂದು ತುದಿ ಲ್ಯಾಪ್‌ಟಾಪಿನ ಕಡೆಗೇ, ಇನ್ನೊಂದು ಪ್ರೊಜೆಕ್ಟರಿನ ಕಡೆಗೇ ಹೋಗಬೇಕು. ಎರಡೂ ಪ್ಲಗ್ಗುಗಳ ಆಕಾರ ಒಂದೇ ಆದ್ದರಿಂದ ತಿರುಗಿಸಿ ಹಾಕಿದರೂ ಸಲೀಸಾಗಿ ಕೂರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ನೆಲದ ಮೇಲೆ ಬಿಡಿಸಿಟ್ಟು ಪರೀಕ್ಷಿಸಿ, ತುದಿಗಳಿಗೆ ಬಣ್ಣದ ಟೇಪು ಸುತ್ತಿದ ನಂತರವೇ ಮೇಲೇರಿಸಿದೆವು. ಹಳೆಯ ಕಾಂಡ್ಯೂಟ್ ಪೈಪಿನ ತಿರುವಿನಲ್ಲಿ ಪ್ಲಗ್ಗಿನ ತಲೆ ನುಸುಳಲಿಲ್ಲ. ಗೋಡೆಯ ಮೇಲೆ 25 ಮಿಲಿಮೀಟರ್ ಕೇಸಿಂಗ್ ಪಟ್ಟಿ ಹೊಡೆದು, ಮೂಲೆಗಳಲ್ಲಿ ಕೇಬಲ್ ಮಡಿಯದಂತೆ ಅಗಲವಾಗಿ ಬಾಗಿಸಿ ಒಯ್ದೆವು. ಅಂದಿನಿಂದ 1920×1080ರಲ್ಲಿ ಚಿತ್ರ ನಿಂತಿದೆ.

ಬೆಳಕಿನ ಎಳೆ ಹಾಕಿದ್ದರಿಂದ ಅರ್ತ್ ಸುತ್ತು ತಾನಾಗಿಯೇ ತುಂಡಾಗಬೇಕೆಂಬ ಮಾತು ಸಂಘದಲ್ಲಿ ಬಂತು. ಎರಡೂ ತುದಿಗಳ ಗ್ರೌಂಡ್‌ಗಳ ನಡುವೆ ಅಳೆದು ನೋಡಿದೆ; ಸಂಪರ್ಕವಿತ್ತು. ಚಿತ್ರದ ದತ್ತಾಂಶ ಮಾತ್ರ ಬೆಳಕಿನಲ್ಲಿ ಹೋಗುತ್ತದೆ. ಪ್ರೊಜೆಕ್ಟರ್ ತಾನು ಯಾವ ಅಳತೆಯ ಚಿತ್ರ ತೋರಿಸಬಲ್ಲೆನೆಂದು ಲ್ಯಾಪ್‌ಟಾಪಿಗೆ ತಿಳಿಸುವ ತಂತಿಗಳು, 5 ವೋಲ್ಟ್ ತಂತಿ ಮತ್ತು ಗ್ರೌಂಡ್ ಈ ಕೇಬಲ್ಲಿನಲ್ಲಿಯೂ ತಾಮ್ರದವೇ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ತೆಗೆದು ಬೂದು ಕೇಬಲ್ ಹಾಕಿದಾಗ ಗುಂಯ್‌ಗುಟ್ಟುವಿಕೆ ಮರಳಿ ಬಂದಿದ್ದು ಅದಕ್ಕೆ ಸಾಕ್ಷಿಯಾಯಿತು.

7. ಖರ್ಚು ಮತ್ತು ಬಾಕಿ ಕೆಲಸ

ಎಚ್‌ಡಿಎಂಐ ಕೇಬಲ್ 3,200, ಟ್ರಾನ್ಸ್‌ಫಾರ್ಮರ್ 900, ಪೆಟ್ಟಿಗೆ 280, ಮೂರು ಎಕ್ಸ್‌ಎಲ್‌ಆರ್ ಕನೆಕ್ಟರ್ 360, ಎರಡು ಒಳತಂತಿಗಳ ಕೇಬಲ್ 5 ಮೀಟರ್ 225, ಕೇಸಿಂಗ್ ಪಟ್ಟಿ 180, ಸಾಕೆಟ್, ರೆಸಿಸ್ಟರ್, ತೋಳುಗಳು ಸೇರಿ 100. ಉಪಯೋಗಕ್ಕೆ ಬಾರದ ಕೇಬಲ್ 540, ಕಾರ್ ಐಸೊಲೇಟರ್ 350. ಒಟ್ಟು 6,135 ರೂಪಾಯಿ. ಕಪ್ಪು ಮತ್ತು ಬೂದು ಕೇಬಲ್‌ಗಳ ಪ್ಲಗ್ಗುಗಳನ್ನು ಕತ್ತರಿಸಿ ಹಾಕಿದ್ದೇನೆ. ಡ್ರಾಯರಿನಲ್ಲಿ ಉಳಿದರೆ ಯಾರಾದರೂ ಮತ್ತೆ ಹಾಕಿಯೇ ಹಾಕುತ್ತಾರೆ.

ಎರಡು ತೊಡಕುಗಳನ್ನು ಕೇಬಲ್ಲಿನಿಂದ ಬಗೆಹರಿಸಲಾಗುವುದಿಲ್ಲ. ಎಚ್‌ಡಿಎಂಐ ಸೇರಿಸಿದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್‌ಗಳು ಧ್ವನಿಯನ್ನೂ ಅದೇ ದಾರಿಯಲ್ಲಿ ಕಳಿಸುತ್ತವೆ, ಆಗ ಮಾತು ಚಾವಣಿಯ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುತ್ತದೆ. ಧ್ವನಿಯ ಸೆಟ್ಟಿಂಗ್‌ನಲ್ಲಿ ಹೆಡ್‌ಫೋನ್ ಆರಿಸಿಕೊಳ್ಳಿರೆಂದು ಮೇಜಿನ ಮೇಲೆ ಚೀಟಿ ಅಂಟಿಸಿದ್ದೇನೆ. ಇನ್ನೊಂದು ಯುಎಸ್‌ಬಿ–ಸಿ. ಅತಿಥಿಗಳಿಗೆಂದು ಯುಎಸ್‌ಬಿ–ಸಿಯಿಂದ ಎಚ್‌ಡಿಎಂಐಗೆ ಬದಲಾಯಿಸುವ ಅಡಾಪ್ಟರೊಂದನ್ನು ಇಟ್ಟಿದ್ದೇವೆ, ಆದರೆ ಆ ಆಕಾರದ ಎಲ್ಲ ಪೋರ್ಟ್‌ಗಳಿಂದಲೂ ಚಿತ್ರ ಹೊರಬರುವುದಿಲ್ಲ; ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಆ ಪೋರ್ಟ್‌ನಿಂದ ಚಿತ್ರವನ್ನೂ ಕಳಿಸುವ ವ್ಯವಸ್ಥೆ) ಇರುವವುಗಳಿಂದ ಮಾತ್ರ ಬರುತ್ತದೆ. ಹಾಗಾಗಿ ಉಪನ್ಯಾಸಕರಿಗೆ ಅರ್ಧ ಗಂಟೆ ಮೊದಲೇ ಬಂದು ಜೋಡಿಸಿ ನೋಡುವಂತೆ ಆಹ್ವಾನದ ಜೊತೆಗೇ ಕೇಳಿಕೊಳ್ಳಲಾಗುತ್ತಿದೆ.

ಅರ್ತ್‌ಗಳ ನಡುವಿನ ಆ 40 ಮಿಲಿವೋಲ್ಟ್ ಇನ್ನೂ ಹಾಗೆಯೇ ಇದೆ. ವೇದಿಕೆ, ಪ್ರೊಜೆಕ್ಟರ್ ಮತ್ತು ಮಿಕ್ಸರ್ ಮೂರನ್ನೂ ಒಂದೇ ಸರ್ಕ್ಯೂಟಿಗೆ ತರುವುದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿದ ಮೇಲೆ ಅವರನ್ನು ಕರೆಸುವುದೆಂದು ಸಂಘದಲ್ಲಿ ತೀರ್ಮಾನವಾಗಿದೆ.